ಎರಡು ನಿಮಿಷದ ಥ್ರಿಲ್ಲರ್ ಆರಂಭ: ಅನುಮಾನ ಯಾರ ಮೇಲೆ ಬೀಳಬೇಕು? ವಿದ್ಯಾರ್ಥಿ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಪತ್ರಿಕೋದ್ಯಮ, ಮಾಧ್ಯಮ ಅಧ್ಯಯನ ಓದುವವರಿಗೆ ಕೊಡುವ ಪ್ರಾಜೆಕ್ಟ್‌ಗಳಲ್ಲಿ ಇದೂ ಒಂದು. ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಿ, ಆಮೇಲೆ ನಿಮ್ಮ ಪಾತ್ರಗಳು ಯಾವ ಸಾಮಾಜಿಕ ಗುಂಪುಗಳನ್ನು ಹೇಗೆ ತೋರಿಸಿವೆ ಅಂತ ಬರೆಯಿರಿ. ಮೊದಲನೆಯದನ್ನು ಎಲ್ಲರೂ ಹುರುಪಿನಿಂದ ಮಾಡುತ್ತಾರೆ. ಎರಡನೆಯದಕ್ಕೆ ಬಂದಾಗ ಪೆನ್ನು ಓಡುವುದಿಲ್ಲ. ಶೂಟಿಂಗ್, ಎಡಿಟಿಂಗ್ ಎಲ್ಲ ಮುಗಿದ ಮೇಲೆ ಈ ಪ್ರಶ್ನೆ ಕೈಗೆತ್ತಿಕೊಂಡರೆ ಹೀಗೇ ಆಗುವುದು. ಕಥೆ ಹೆಣೆಯುವ ದಿನವೇ ಇದನ್ನು ಎದುರಿಗಿಟ್ಟುಕೊಂಡು ಕೂರಬೇಕು.

ಎರಡು ನಿಮಿಷದಲ್ಲಿ ಪಾತ್ರದ ಪರಿಚಯ ಮಾಡಿಸಲು ಪುರುಸೊತ್ತಿಲ್ಲ. ನೋಡುವವರು ಬಟ್ಟೆ, ಮಾತು, ಹೆಸರು, ಮೈಬಣ್ಣ ನೋಡಿ ‘ಇವನು ಇಂಥವನು’ ಅಂತ ತಾವೇ ತೀರ್ಮಾನಿಸಿಬಿಡುತ್ತಾರೆ. ಅದರಲ್ಲೂ ಥ್ರಿಲ್ಲರ್ ನೋಡಲು ಕೂತವರು ಅನುಮಾನ ಪಡುವುದಕ್ಕೆಂದೇ ಕೂತಿರುತ್ತಾರೆ. ಆ ಅನುಮಾನವನ್ನು ಯಾರ ತಲೆಗೆ ಕಟ್ಟುತ್ತೀರಿ? ಭಯಪಡುವ ಕೆಲಸ ಯಾರಿಗೆ ಕೊಡುತ್ತೀರಿ? ಗುಟ್ಟು ಯಾರಿಗೆ ಗೊತ್ತಿರುತ್ತದೆ? ನಿಮ್ಮ ಎರಡು ನಿಮಿಷದಲ್ಲಿ ಸಮಾಜ ಹೇಗೆ ಕಾಣುತ್ತದೆ ಅನ್ನುವುದು ಈ ಮೂರರ ಹಂಚಿಕೆಯಲ್ಲೇ ಇದೆ. ಮುಂದಿನ ಹೆಜ್ಜೆಗಳೆಲ್ಲ ಈ ಹಂಚಿಕೆಯನ್ನು ಕಣ್ಣು ಬಿಟ್ಟುಕೊಂಡು ಮಾಡುವುದಕ್ಕೆ.

ಹೆಜ್ಜೆ 1: ನಿಮ್ಮೂರಿನ ಬಗ್ಗೆ ಹೊರಗಿನವರಿಗಿರುವ ಚಿತ್ರವನ್ನು ಮೊದಲು ಬರೆದಿಡಿ

ನಮ್ಮ ಬಳ್ಳಾರಿ ಅಂದ ಕೂಡಲೇ ಹೊರಗಿನವರ ಕಣ್ಣಿಗೆ ಬರುವುದು ಕೆಂಪು ಧೂಳು, ಬಿಳಿ ಅಂಗಿ, ಕೊರಳಲ್ಲಿ ದಪ್ಪ ಚೈನು, ಸಾಲು ಸಾಲು ಕಾರು. ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಆಮೇಲೆ ಊರಿನಲ್ಲಿ ಎಷ್ಟೋ ಬದಲಾಗಿದೆ. ಆದರೂ ‘ಗಣಿ ಧಣಿ’ಯ ಚಿತ್ರ ಜನರ ತಲೆಯಿಂದ ಇಳಿದಿಲ್ಲ. ರಾಯಚೂರು, ಕೊಪ್ಪಳಕ್ಕೂ ಇಂಥದ್ದೇ ಅಂಟಿಕೊಂಡಿದೆ. ಬಿಸಿಲು, ಬರ, ಗುಳೆ ಹೋಗುವ ಸಂಸಾರ, ತಲೆ ಮೇಲೆ ಗಂಟು.

ಇವೆಲ್ಲ ಸುಳ್ಳು ಅಂತ ಹೇಳುತ್ತಿಲ್ಲ. ಗುಳೆ ಇದೆ, ಧಣಿಗಳೂ ಇದ್ದಾರೆ. ಆದರೆ ನೂರು ಬಗೆಯ ಬದುಕಿರುವ ಊರಿಗೆ ಒಂದೇ ಮುಖವಾಡ ತೊಡಿಸಿದಾಗ ಉಳಿದವರೆಲ್ಲ ಕಾಣೆಯಾಗುತ್ತಾರೆ. ಒಂದು ಹಾಳೆ ತೆಗೆದುಕೊಂಡು ಇಂಥ ಸಿದ್ಧ ಚಿತ್ರಗಳನ್ನು ತಂಡದವರೆಲ್ಲ ಸೇರಿ ಬರೆಯಿರಿ. ಅದರ ಪಕ್ಕದಲ್ಲಿ, ನಿಮಗೆ ದಿನಾ ಕಾಣುವ ಆದರೆ ಸಿನಿಮಾದಲ್ಲಿ ಎಂದೂ ಕಾಣದ ಜನರನ್ನು ಬರೆಯಿರಿ. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಜೀನ್ಸ್ ಕೆಲಸದವರು. ಬಳ್ಳಾರಿಯ ಜೀನ್ಸ್ ದೇಶದ ಎಷ್ಟೋ ಕಡೆ ಹೋಗುತ್ತದೆ. ಅದನ್ನು ಹೊಲಿಯುವವರು, ಕಾಜಾ ಹಾಕುವವರು, ವಾಶ್ ಮಾಡುವವರು, ಬಂಡಲ್ ಹೊರುವವರು, ಮನೆ ಬಾಗಿಲಲ್ಲಿ ಕೂತು ದಾರ ಕತ್ತರಿಸುವ ಹೆಂಗಸರು ಯಾವ ಸಿನಿಮಾದಲ್ಲಿ ಬಂದಿದ್ದಾರೆ ಹೇಳಿ? ಈ ಮಾರ್ಗದರ್ಶಿಯ ಉದಾಹರಣೆಗೆ ಇವರನ್ನೇ ತೆಗೆದುಕೊಳ್ಳುತ್ತೇನೆ.

ಹೆಜ್ಜೆ 2: ಎರಡು ನಿಮಿಷದ ಘಟನೆಯನ್ನು ನಾಲ್ಕೈದು ಸಾಲಿನಲ್ಲಿ ಬರೆಯಿರಿ

ಉದಾಹರಣೆ ಇದು. ರಾತ್ರಿ. ಬಳ್ಳಾರಿಯ ಒಂದು ಓಣಿ. ಹುಲಿಗೆಮ್ಮ, ವಯಸ್ಸು ನಲವತ್ತೈದರ ಆಸುಪಾಸು, ಹೊಲಿದು ಬಂದ ಜೀನ್ಸ್‌ಗಳ ದಾರ ಕತ್ತರಿಸುತ್ತಿದ್ದಾಳೆ. ಪಕ್ಕದಲ್ಲಿ ಸನಾ, ಡಿಗ್ರಿ ಓದುವ ಹುಡುಗಿ, ಪೀಸಿನ ಲೆಕ್ಕ ಬರೆಯುತ್ತಿದ್ದಾಳೆ. ಒಂದು ಪ್ಯಾಂಟಿನ ಜೇಬಿನಲ್ಲಿ ಚೀಟಿ ಸಿಗುತ್ತದೆ. ಹುಲಿಗೆಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿ ಎಲೆಅಡಿಕೆ ಸಂಚಿಗೆ ಸೇರಿಸುತ್ತಾಳೆ. ಕರೆಂಟ್ ಹೋಗುತ್ತದೆ. ಹೊರಗೆ ಲಗೇಜ್ ಆಟೋ ನಿಂತ ಸದ್ದು. ಡ್ರೈವರ್ ಹುಸೇನಪ್ಪ ಬಾಗಿಲಲ್ಲಿ. ಕರೆಂಟ್ ಬರುತ್ತದೆ. ಅಷ್ಟರಲ್ಲಿ ಫೋನು. ಆ ಕಡೆ ಜೀನ್ಸ್ ಹೊಲಿಸುವ ಯುನಿಟ್‌ನ ಮಾಲೀಕ ಪಂಪಾಪತಿ. ಟೈಟಲ್.

ಕೊಲೆ ಇಲ್ಲ, ಓಡಾಟ ಇಲ್ಲ. ಚೀಟಿಯಲ್ಲಿ ಏನಿದೆ ಅನ್ನುವುದೊಂದೇ ಸಾಕು. ಆರಂಭದ ದೃಶ್ಯಕ್ಕೆ ಪ್ರಶ್ನೆ ಒಂದೇ ಇದ್ದಷ್ಟೂ ಒಳ್ಳೆಯದು.

ಹೆಜ್ಜೆ 3: ಪ್ರತಿ ಪಾತ್ರಕ್ಕೂ ಮೂರು ಸಾಲು

ಮೊದಲ ಸಾಲಿನಲ್ಲಿ, ಈ ಪಾತ್ರ ಯಾವ ಯಾವ ಗುಂಪಿಗೆ ಸೇರುತ್ತದೆ ಅಂತ ಬರೆಯಿರಿ. ವಯಸ್ಸು, ಗಂಡೋ ಹೆಣ್ಣೋ, ದುಡಿಮೆ, ದುಡ್ಡುಕಾಸು, ಭಾಷೆ, ಊರು, ಜಾತಿ, ಧರ್ಮ, ಓದು, ಅಂಗವೈಕಲ್ಯ. ಒಬ್ಬ ಮನುಷ್ಯ ಒಂದೇ ಗುಂಪಿನಲ್ಲಿ ಇರುವುದಿಲ್ಲ. ಹುಲಿಗೆಮ್ಮ ಹೆಂಗಸು ಹೌದು, ಕೂಲಿಯವಳೂ ಹೌದು, ನಡುವಯಸ್ಸಿನವಳೂ ಹೌದು. ಎರಡನೇ ಸಾಲಿನಲ್ಲಿ, ಮೊದಲ ನೋಟಕ್ಕೆ ಪ್ರೇಕ್ಷಕರು ಏನಂದುಕೊಳ್ಳುತ್ತಾರೆ. ಮೂರನೆಯದರಲ್ಲಿ, ನಾವು ಅದನ್ನು ಹಾಗೇ ಬಿಡುತ್ತೇವೋ, ತಿರುಗಿಸುತ್ತೇವೋ.

ಹುಲಿಗೆಮ್ಮನ ಎರಡನೇ ಸಾಲು ಹೀಗಿರುತ್ತದೆ: ಬಡವಿ, ಓದಲು ಬರುವುದಿಲ್ಲ, ಪಾಪ. ಮೂರನೇ ಸಾಲು: ಓದಲು ಬರುತ್ತದೆ. ಚೀಟಿಯಲ್ಲಿರುವುದು ನಾಲ್ಕು ದಿನದಿಂದ ಕೆಲಸಕ್ಕೆ ಬಾರದ ಒಬ್ಬ ಟೈಲರ್‌ನ ಹೆಸರು, ಒಂದು ಬಂಡಲ್ ನಂಬರ್. ಅವಳು ಚೀಟಿಯನ್ನೇ ನೋಡುತ್ತಿರುವಾಗ ‘ಪಾಪ, ಅಕ್ಷರ ಬರಲ್ಲ’ ಅಂದುಕೊಳ್ಳುತ್ತೇವೆ. ಆಮೇಲೆ ಅವಳು ರಾಶಿಯಲ್ಲಿ ಕೈಯಾಡಿಸಿ ಅದೇ ನಂಬರಿನ ಬಂಡಲ್ ಹುಡುಕಿ ಪಕ್ಕಕ್ಕೆ ಸರಿಸುತ್ತಾಳೆ. ಆಗ ನಮ್ಮ ಊಹೆ ಬಿದ್ದುಹೋಗುತ್ತದೆ. ತಿರುವೂ ಸಿಕ್ಕಿತು, ಪಾತ್ರಕ್ಕೆ ಘನತೆಯೂ ಬಂತು. ಎರಡಕ್ಕೂ ಒಂದೇ ಶಾಟ್ ಸಾಕಾಯಿತು.

ಪ್ರೇಕ್ಷಕರ ಪೂರ್ವಗ್ರಹ ಥ್ರಿಲ್ಲರ್‌ಗೆ ಒಳ್ಳೆಯ ಕಚ್ಚಾವಸ್ತು. ಅದನ್ನು ಬಳಸಿಕೊಂಡು ಅವರನ್ನು ದಾರಿ ತಪ್ಪಿಸಬಹುದು. ಆದರೆ ದಾರಿ ತಪ್ಪಿಸಿದ ಮೇಲೆ ಸರಿ ದಾರಿಯನ್ನು ಆ ಎರಡು ನಿಮಿಷದೊಳಗೇ ಒಂದಿಷ್ಟಾದರೂ ತೋರಿಸಿ. ‘ಮುಂದಿನ ಭಾಗದಲ್ಲಿ ಅವನು ಒಳ್ಳೆಯವನು ಅಂತ ಗೊತ್ತಾಗುತ್ತೆ’ ಅಂದರೆ ಆಗದು. ಮುಂದಿನ ಭಾಗ ನೀವು ಮಾಡುತ್ತಿಲ್ಲ. ನೋಡಿದವರು ಮನೆಗೆ ಹೊತ್ತುಕೊಂಡು ಹೋಗುವುದು ಈ ಎರಡು ನಿಮಿಷವನ್ನು ಮಾತ್ರ.

ಹೆಜ್ಜೆ 4: ಹೆಸರಿಡುವುದು

ಇದಕ್ಕೆ ಹೆಚ್ಚು ಸಮಯ ಕೊಡಿ. ನಮ್ಮ ಕಡೆ ಹೆಸರು ಕೇಳಿದರೆ ಅರ್ಧ ವಿಳಾಸ ಸಿಕ್ಕಂತೆ. ಹುಲಿಗೆಮ್ಮ ಅಂದರೆ ಹುಲಿಗಿ ಅಮ್ಮನ ಒಕ್ಕಲು, ಗವಿಸಿದ್ದಪ್ಪ ಅಂದರೆ ಕೊಪ್ಪಳದ ಕಡೆ, ಎರ್ರಿಸ್ವಾಮಿ ಅಂದರೆ ಬಳ್ಳಾರಿ ಸೀಮೆ, ಪಂಪಾಪತಿ ಅಂದರೆ ಹಂಪಿಯ ದೇವರು. ಇಂಥ ಹೆಸರಿಟ್ಟರೆ ಊರಿನ ಹೆಸರಿರುವ ಬೋರ್ಡ್ ತೋರಿಸುವ ಅಗತ್ಯವೇ ಇಲ್ಲ. ಎಷ್ಟೋ ವಿದ್ಯಾರ್ಥಿ ಚಿತ್ರಗಳಲ್ಲಿ ಎಲ್ಲರೂ ಆರ್ಯನ್, ರಿಯಾ, ವಿಕ್ರಂ ಆಗಿರುತ್ತಾರೆ. ಆ ಹೆಸರಿನವರು ಯಾವ ಊರಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಯಾವ ಊರಲ್ಲೂ ಇರುವುದಿಲ್ಲ.

ಹುಸೇನಪ್ಪ ಅನ್ನುವ ಹೆಸರನ್ನೇ ನೋಡಿ. ಹೊರಗಿನವರು ಕೇಳಿದ ತಕ್ಷಣ ಮುಸ್ಲಿಂ ಇರಬೇಕು ಅಂದುಕೊಳ್ಳಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಮೊಹರಂ ಹಿಂದೂಗಳೂ ಸೇರಿ ಮಾಡುವ ಹಬ್ಬ. ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತು ಮಕ್ಕಳಿಗೆ ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ ಅಂತ ಹೆಸರಿಡುವುದು ಇಲ್ಲಿ ಮಾಮೂಲು. ಆ ಹೆಸರನ್ನು ಬಾಗಿಲಲ್ಲಿ ನಿಂತ ಕತ್ತಲ ಆಕೃತಿಗೆ ಇಟ್ಟರೆ ಏನಾಗುತ್ತದೆ? ಒಬ್ಬ ಪ್ರೇಕ್ಷಕನ ಅನುಮಾನ ಹೆಸರು ಕೇಳಿ ಹುಟ್ಟುತ್ತದೆ. ಇನ್ನೊಬ್ಬನಿಗೆ ಅದು ಪಕ್ಕದ ಮನೆಯ ಮಾಮನ ಹೆಸರು. ಕರೆಂಟ್ ಬಂದಾಗ ಅವನ ಹಣೆಯಲ್ಲಿ ವಿಭೂತಿ ಕಾಣುತ್ತದೆ. ಅದಕ್ಕೆ ಯಾರೂ ವಿವರಣೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಸನಾಳ ವಿಷಯದಲ್ಲಿ ಒಂದು ಮಾತು. ಥ್ರಿಲ್ಲರ್‌ನಲ್ಲಿ ಮುಸ್ಲಿಂ ಪಾತ್ರ ಬಂದರೆ ಒಂದೋ ಅಪರಾಧಿ, ಇಲ್ಲವೇ ತನ್ನ ಒಳ್ಳೆಯತನ ಸಾಬೀತು ಮಾಡುವವನು. ಸನಾ ಇವೆರಡೂ ಅಲ್ಲ. ಲೆಕ್ಕ ಬರೆಯುತ್ತಾಳೆ, ಲೆಕ್ಕದಲ್ಲಿ ಒಂದು ಬಂಡಲ್ ಜಾಸ್ತಿ ಬಂದದ್ದು ಅವಳ ಕಣ್ಣಿಗೇ ಬೀಳುತ್ತದೆ. ಅವಳ ಪಾತ್ರದ ಕೆಲಸ ಅಷ್ಟೇ, ಮತ್ತು ಅದು ದೊಡ್ಡ ಕೆಲಸ.

ಹೆಜ್ಜೆ 5: ಬಟ್ಟೆ, ಕೈ, ಸಾಮಾನು

ಹೊಸ ಜೀನ್ಸ್ ಬಟ್ಟೆ ವಾಶ್ ಆಗುವ ಮೊದಲು ಬಣ್ಣ ಬಿಡುತ್ತದೆ. ಇಡೀ ದಿನ ಅದನ್ನು ಮುಟ್ಟಿದವರ ಬೆರಳ ತುದಿ ನೀಲಿಯಾಗಿರುತ್ತದೆ. ಉಗುರಿನ ಸಂದಿಯಲ್ಲಿ, ಹೆಬ್ಬೆರಳಿನ ಗೆರೆಗಳಲ್ಲಿ ಆ ನೀಲಿ ಕೂತಿರುತ್ತದೆ. ಸೋಪು ಹಾಕಿ ತಿಕ್ಕಿದರೂ ಒಮ್ಮೆಲೇ ಹೋಗುವುದಿಲ್ಲ. ಹುಲಿಗೆಮ್ಮನ ಮೊದಲ ಶಾಟ್ ಅವಳ ಮುಖದ್ದು ಬೇಡ, ಆ ಬೆರಳುಗಳದ್ದಿರಲಿ. ಎಡಗೈ ಪ್ಯಾಂಟಿನ ಹೊಲಿಗೆಯ ಮೇಲೆ ಜಾರುತ್ತಾ ಹೋಗುತ್ತದೆ, ಬಲಗೈಯ ಸಣ್ಣ ಕತ್ತರಿ ಕಚಕ್ ಕಚಕ್ ಅನ್ನುತ್ತದೆ, ತುಂಡು ದಾರಗಳು ಮಡಿಲಿಗೆ ಬೀಳುತ್ತವೆ. ಕಣ್ಣು ಬೇರೆಲ್ಲೋ ಇದ್ದರೂ ಕೈ ನಿಲ್ಲುವುದಿಲ್ಲ. ಇದು ವರ್ಷಗಟ್ಟಲೆ ಮಾಡಿದ ಕೆಲಸ ಅಂತ ಹೇಳಲು ಬೇರೆ ಮಾತು ಬೇಡ.

ಬಿಳಿ ಚೀಟಿಯ ಮೇಲೆ ಅದೇ ನೀಲಿ ಬೆರಳಚ್ಚು ಬೀಳಲಿ. ಚೀಟಿ ಬಚ್ಚಿಟ್ಟವರು ಯಾರು ಅನ್ನುವುದಕ್ಕೆ ಸಾಕ್ಷಿ ಆಯಿತು. ದುಡಿಮೆಯ ಗುರುತೇ ಕಥೆಯ ಸುಳಿವೂ ಆಗುವ ಇಂಥ ವಸ್ತುವನ್ನು ನಿಮ್ಮ ಕಥೆಯಲ್ಲೂ ಹುಡುಕಿ. ರಾಯಚೂರಿನವರು ಹತ್ತಿ ಮಾರ್ಕೆಟ್‌ನಲ್ಲೋ, ಗಂಗಾವತಿಯವರು ಅಕ್ಕಿ ಮಿಲ್ಲಿನಲ್ಲೋ, ಕಿನ್ನಾಳದವರು ಗೊಂಬೆ ಮಾಡುವವರ ಮನೆಯಲ್ಲೋ ಇಂಥದ್ದನ್ನು ಖಂಡಿತ ಕಾಣುತ್ತಾರೆ.

ಬಡತನ ತೋರಿಸಲು ಹರಿದ ಸೀರೆ, ಕೆದರಿದ ಕೂದಲು, ಮಸಿ ಬಳಿದ ಮುಖ ಬೇಡ. ಕೂಲಿ ಮಾಡುವ ಹೆಂಗಸರು ಸಂಜೆ ತಲೆ ಬಾಚಿ, ಹೂ ಮುಡಿದು ಕೂರುತ್ತಾರೆ. ಲಂಬಾಣಿ ಪಾತ್ರ ಇದ್ದರೆ ಕನ್ನಡಿ ಕಸೂತಿಯ ಉಡುಪನ್ನು ಸುಮ್ನೆ ತೊಡಿಸಬೇಡಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದೊಂದು ದೊಡ್ಡ ಕಲೆ. ಆದರೆ ಕಾಲೇಜಿಗೆ ಹೋಗುವ ಲಂಬಾಣಿ ಹುಡುಗಿ ಅದನ್ನು ದಿನಾ ಉಡುವುದಿಲ್ಲ. ನಿಮ್ಮ ತರಗತಿಯಲ್ಲೇ ತಾಂಡಾದಿಂದ ಬಂದ ಗೆಳತಿ ಇರಬಹುದು. ಅವಳನ್ನು ಕೇಳಿ, ಬರವಣಿಗೆಯ ತಂಡಕ್ಕೇ ಸೇರಿಸಿಕೊಳ್ಳಿ.

ಭಯ ಹುಟ್ಟಿಸಲು ಮಂಗಳಮುಖಿಯರನ್ನು ಕತ್ತಲಲ್ಲಿ ನಿಲ್ಲಿಸುವುದು, ಕುಂಟುವವರನ್ನು, ಮಾನಸಿಕ ಕಾಯಿಲೆ ಇರುವವರನ್ನು ‘ವಿಚಿತ್ರ’ವಾಗಿ ತೋರಿಸುವುದು ಥ್ರಿಲ್ಲರ್‌ಗಳ ಹಳೆಯ ಚಾಳಿ. ದಯವಿಟ್ಟು ಬಿಟ್ಟುಬಿಡಿ. ಜೋಗತಿ ನೃತ್ಯ ಕಲಾವಿದೆ, ಮಂಗಳಮುಖಿ ಮಂಜಮ್ಮ ಜೋಗತಿಯವರು ಇದೇ ಸೀಮೆಯವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂಥವರು ಬದುಕುವ ನೆಲದಲ್ಲಿ ನಿಂತು ಆ ಸಮುದಾಯವನ್ನು ಬೆಚ್ಚಿಬೀಳಿಸುವುದಕ್ಕಷ್ಟೇ ಬಳಸುವುದು ಅನ್ಯಾಯ.

ಹೆಜ್ಜೆ 6: ಮಾತು, ಮತ್ತು ಒಬ್ಬರನ್ನೊಬ್ಬರು ಕರೆಯುವ ರೀತಿ

ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ಕಡೆಗಿದ್ದವು. ಆಂಧ್ರ, ತೆಲಂಗಾಣ ಬೇರೆ ಮಗ್ಗುಲಲ್ಲೇ ಇವೆ. ಕನ್ನಡ, ತೆಲುಗು, ಉರ್ದು ಒಂದೇ ಅಂಗಡಿಯಲ್ಲಿ ಕೇಳಿಸುವುದಕ್ಕೆ ಇದೇ ಕಾರಣ. ಎಲ್ಲ ಪಾತ್ರಗಳೂ ಟಿವಿ ಧಾರಾವಾಹಿಯ ಕನ್ನಡ ಆಡಿದರೆ ಊರೇ ಮಾಯವಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಕನ್ನಡ ಜಾಸ್ತಿ ಕೇಳಿಸಿದ್ದು ಹಾಸ್ಯಕ್ಕೆ, ಇಲ್ಲವೇ ರೌಡಿಗಳ ಬಾಯಲ್ಲಿ. ನಿಮ್ಮ ಚಿತ್ರದಲ್ಲಿ ಬುದ್ಧಿವಂತರೂ ಅದೇ ಕನ್ನಡ ಆಡಲಿ.

ಸಂಭಾಷಣೆ ಕಡಿಮೆ ಇರಲಿ, ಆದರೆ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವುದನ್ನು ಎಚ್ಚರದಿಂದ ಬರೆಯಿರಿ. ಉದಾಹರಣೆಯಲ್ಲಿ ಸನಾ ಕೇಳುತ್ತಾಳೆ:

‘ಏನೈತಿ ಅಕ್ಕಾ ಅದು?’

‘ಏನಿಲ್ಲ ಬಿಡವ್ವ. ಸೈಜಿನ ಚೀಟಿ.’

ಇಬ್ಬರ ನಡುವಿನ ಸಲಿಗೆ, ಸುಳ್ಳು ಎರಡೂ ಬಂದವು. ಈಗ ಮಾಲೀಕ. ಶುರುವಿನಲ್ಲಿ ಸನಾಳ ಫೋನಿನಲ್ಲಿ ಅವನ ವಾಯ್ಸ್ ಮೆಸೇಜ್ ಕೇಳಿಸುತ್ತದೆ. ‘ಆ ಹುಲಿಗಿಗೆ ಹೇಳು, ಒಂಬತ್ತಕ್ಕ ಎಲ್ಲಾ ಬಂಡಲ್ ರೆಡಿ ಇರಬೇಕು.’ ಕೊನೆಯಲ್ಲಿ, ಕರೆಂಟ್ ಹೋಗಿ ಬಂದ ಮೇಲೆ, ಅದೇ ದನಿ ನೇರವಾಗಿ ಹುಲಿಗೆಮ್ಮನ ಫೋನಿಗೆ ಬರುತ್ತದೆ. ‘ಹುಲಿಗೆಮ್ಮನೋರೆ, ಆ ಒಂದು ಬಂಡಲ್ ನಿಮ್ ಹತ್ರನ ಐತೇನ್ರಿ?’

ಇಷ್ಟು ವರ್ಷ ‘ಹುಲಿಗಿ’ ಅಂದವನು ಇವತ್ತು ‘ರೀ’ ಹಚ್ಚಿ ಮಾತಾಡಿದ. ನಮ್ಮ ಕಡೆಯ ಯಾವ ಪ್ರೇಕ್ಷಕನಿಗೂ ಆ ಒಂದು ಮರ್ಯಾದೆಯಿಂದ ಮೈ ಜುಮ್ಮೆನ್ನದೆ ಇರುವುದಿಲ್ಲ. ಚಾಕು ತೋರಿಸಿದ್ದರೂ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮೇಲು ಕೀಳಿನ ಲೆಕ್ಕ ನಮ್ಮ ಭಾಷೆಯ ಒಳಗೇ ಇದೆ, ಅದನ್ನು ಥ್ರಿಲ್ಲರ್‌ಗೆ ದುಡಿಸಿಕೊಳ್ಳಿ.

ಜಾತಿಯನ್ನೂ ಹೀಗೇ ತೋರಿಸಬಹುದು. ಯಾರು ಹೊಸ್ತಿಲು ದಾಟುತ್ತಾರೆ, ಯಾರು ಹೊರಗೇ ನಿಲ್ಲುತ್ತಾರೆ, ನೀರು ಯಾವ ಲೋಟದಲ್ಲಿ ಬರುತ್ತದೆ. ಒಂದು ಶಾಟ್ ಸಾಕು. ಜಾತಿ ಹೆಸರು ಹಿಡಿದು ಬೈಯುವ ಮಾತು ‘ನೈಜತೆ’ಯ ನೆಪದಲ್ಲೂ ಬೇಡ. ಎರಡು ನಿಮಿಷದಲ್ಲಿ ಆ ಬೈಗುಳಕ್ಕೆ ಉತ್ತರ ಕೊಡಲು ಜಾಗವೇ ಇರುವುದಿಲ್ಲ.

ಹೆಜ್ಜೆ 7: ಕ್ಯಾಮೆರಾ ಎಲ್ಲಿ ಕೂರುತ್ತದೆ

ಹುಲಿಗೆಮ್ಮ ನೆಲದ ಮೇಲೆ ಕೂತಿದ್ದಾಳೆ. ನೀವು ನಿಂತುಕೊಂಡು ಶೂಟ್ ಮಾಡಿದರೆ ಅವಳು ತಾನಾಗಿಯೇ ಕುಗ್ಗಿ ಕಾಣುತ್ತಾಳೆ. ಎಷ್ಟೋ ಚಿತ್ರಗಳಲ್ಲಿ ದುಡಿಯುವವರು ಚಿಕ್ಕವರಾಗಿ ಕಾಣುವುದಕ್ಕೆ ಇಷ್ಟೇ ಕಾರಣ, ಕ್ಯಾಮೆರಾ ಹಿಡಿದವರು ಕೂರಲಿಲ್ಲ. ಫೋನನ್ನು ನೆಲಕ್ಕೆ ಇಳಿಸಿ, ಅವಳ ಕಣ್ಣಿನ ಎತ್ತರಕ್ಕೆ ತನ್ನಿ. ಆಗ ಬಾಗಿಲಿಗೆ ಬಂದ ಹುಸೇನಪ್ಪ ತಾನೇ ಎತ್ತರವಾಗಿ, ಭಯಂಕರವಾಗಿ ಕಾಣುತ್ತಾನೆ. ಅದು ಹುಲಿಗೆಮ್ಮನ ಕಣ್ಣಿಗೆ ಕಂಡ ಭಯ ಅನ್ನುವುದು ಸ್ಪಷ್ಟವಾಗುತ್ತದೆ. ಕರೆಂಟ್ ಬಂದು ಅವನು ಬಂಡಲ್ ಎತ್ತಲು ಬಗ್ಗಿದಾಗ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರಲಿ. ಅಲ್ಲಿಗೆ ಅವನ ಮೇಲಿನ ಅನುಮಾನ ಇಳಿಯುತ್ತದೆ, ಫೋನಿನ ದನಿಯ ಮೇಲೆ ಏರುತ್ತದೆ.

ಹುಡುಗಿಯ ಬೆನ್ನ ಹಿಂದೆ ಕ್ಯಾಮೆರಾ ನಡೆದುಹೋಗುವ ಶಾಟ್ ಥ್ರಿಲ್ಲರ್ ಆರಂಭಗಳಲ್ಲಿ ತುಂಬಾ ಬರುತ್ತದೆ. ಅಲ್ಲಿ ನೋಡುವವರು ಅಪರಾಧಿಯ ಕಣ್ಣಿನಿಂದ ನೋಡುತ್ತಿರುತ್ತಾರೆ, ಹುಡುಗಿ ಬರೀ ಬೇಟೆ. ಅದೇ ಘಟನೆಯನ್ನು ಅವಳ ಕಡೆಯಿಂದ, ಅವಳಿಗೆ ಕೇಳಿಸಿದ ಸದ್ದಿನಿಂದ ತೆಗೆದರೆ ಅವಳು ಮನುಷ್ಯಳಾಗುತ್ತಾಳೆ.

ಮೈಬಣ್ಣದ ಮಾತು. ನಮ್ಮ ಕಡೆಯವರು ಹೆಚ್ಚಿನವರು ಕಪ್ಪು, ಕಂದು. ಫೋನಿನ ಬ್ಯೂಟಿ ಮೋಡ್ ಮೊದಲು ಆಫ್ ಮಾಡಿ. ಕತ್ತಲ ದೃಶ್ಯದಲ್ಲಿ ಎಕ್ಸ್‌ಪೋಶರನ್ನು (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕಿನ ಪ್ರಮಾಣ) ಮುಖದ ಮೇಲೆ ಹೊಂದಿಸಿ ಲಾಕ್ ಮಾಡಿ, ಇಲ್ಲದಿದ್ದರೆ ಹಿಂದಿನ ಬಲ್ಬಿಗೆ ಹೊಂದಿಕೊಂಡು ಮುಖ ಮಸಿಯಾಗುತ್ತದೆ. ಬೆಳಕು ಒಂದು ಪಕ್ಕದಿಂದ ಬರಲಿ. ಕೆನ್ನೆ, ಮೂಗಿನ ಮೇಲೆ ಸಣ್ಣ ಹೊಳಪು ಸಿಕ್ಕರೆ ಕಪ್ಪು ಮುಖ ಎಷ್ಟು ಚೆಂದ ಕಾಣುತ್ತದೆ ಅಂತ ನೋಡಿ. ಟ್ಯೂಬ್‌ಲೈಟ್ ಅಡಿಯಲ್ಲಿ ಪಟ್ಟೆ ಪಟ್ಟೆಯಾಗಿ ಮಿನುಗಿದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಅದಕ್ಕೆ ಇದು ಹೊಂದುತ್ತದೆ.

ಜಾಗದ ವಿಷಯ ಚುಟುಕಾಗಿ. ನಿಜವಾದ ಯುನಿಟ್‌ನಲ್ಲಿ ಶೂಟ್ ಮಾಡುವುದಾದರೆ ಮಾಲೀಕರ ಜೊತೆಗೆ ಕೆಲಸದವರ ಒಪ್ಪಿಗೆಯನ್ನೂ ಕೇಳಿ. ಪೀಸಿನ ಲೆಕ್ಕದಲ್ಲಿ ದುಡಿಯುವವರ ಒಂದು ಗಂಟೆ ನಿಂತರೆ ಅವರ ಕೂಲಿ ನಿಂತಂತೆ. ಕೋಟೆ, ರೈಲ್ವೆ ಸ್ಟೇಶನ್‌ಗೆ ಮೊದಲೇ ಅನುಮತಿ ಬೇಕು.

ಹೆಜ್ಜೆ 8: ಅದಲು ಬದಲು ಮಾಡಿ ನೋಡಿ

ಸ್ಕ್ರಿಪ್ಟ್ ಕೈಯಲ್ಲಿ ಹಿಡಿದು ಪಾತ್ರಗಳ ಗುಂಪು ಬದಲಿಸಿ ಓದಿ. ಹುಸೇನಪ್ಪ ಮಾಲೀಕನಾಗಲಿ, ಪಂಪಾಪತಿ ಆಟೋ ಓಡಿಸಲಿ. ಹುಲಿಗೆಮ್ಮನ ಜಾಗದಲ್ಲಿ ಗಂಡಸು ಕೂರಲಿ. ಆಗಲೂ ಭಯ ಉಳಿದರೆ ನಿಮ್ಮ ಭಯ ಘಟನೆಯಿಂದ ಬಂದಿದೆ. ಭಯ ಪೂರ್ತಿ ಹೋದರೆ ಅದು ಆ ಗುಂಪಿನ ಮೇಲಿನ ಪೂರ್ವಗ್ರಹದ ಮೇಲೆ ನಿಂತಿತ್ತು. ಅಂಥ ಕಡೆ ಮತ್ತೆ ಬರೆಯಿರಿ.

ಮೊದಲ ಎಡಿಟ್ ಆದ ಮೇಲೆ ನಾಲ್ಕು ಜನರಿಗೆ ಮೊದಲು ಸದ್ದು ತೆಗೆದು, ಆಮೇಲೆ ಸದ್ದಿನ ಜೊತೆಗೆ ತೋರಿಸಿ. ಅವರಲ್ಲಿ ಒಬ್ಬರಾದರೂ ಜೀನ್ಸ್ ಕೆಲಸ ಮಾಡುವವರಿರಲಿ, ಒಬ್ಬರು ಈ ಜಿಲ್ಲೆಯವರಲ್ಲದವರು. ಕೇಳಬೇಕಾದದ್ದು ಇಷ್ಟು: ಯಾರ ಮೇಲೆ ಅನುಮಾನ ಬಂತು, ಯಾವ ಕ್ಷಣದಲ್ಲಿ, ಏನನ್ನು ನೋಡಿ? ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. ಉತ್ತರಗಳನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ಮುಂದಿನ ಹೆಜ್ಜೆಗೆ ಬೇಕು.

ಹೆಜ್ಜೆ 9: ವರದಿ ಬರೆಯುವುದು

‘ನಮ್ಮ ಚಿತ್ರದಲ್ಲಿ ಮಹಿಳೆಯರನ್ನು ಧನಾತ್ಮಕವಾಗಿ ತೋರಿಸಿದ್ದೇವೆ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಒಂದು ಫ್ರೇಮಿನ ಚಿತ್ರ ಅಂಟಿಸಿ, ಅದರಲ್ಲಿ ಕಾಣುವ ಒಂದು ವಸ್ತು ಅಥವಾ ಕೋನವನ್ನು ಹಿಡಿಯಿರಿ. ಅದು ಯಾವ ಗುಂಪನ್ನು ಸೂಚಿಸುತ್ತದೆ, ಸಾಮಾನ್ಯವಾಗಿ ಅದನ್ನು ಹೇಗೆ ತೋರಿಸುತ್ತಾರೆ, ನೀವು ಏನು ಮಾಡಿದಿರಿ, ನೋಡಿದವರು ಏನಂದರು, ಈ ಕ್ರಮದಲ್ಲಿ ಬರೆಯಿರಿ. ಹೀಗೆ:

‘ಹುಲಿಗೆಮ್ಮ ಚೀಟಿ ಹಿಡಿದ ಶಾಟ್ ಅವಳ ಕಣ್ಣಿನ ಮಟ್ಟದಲ್ಲಿದೆ. ನೀಲಿ ಬೆರಳು ಅವಳು ದುಡಿಯುವ ವರ್ಗದವಳು ಅಂತ ತಿಳಿಸುತ್ತದೆ. ಇಂಥ ಪಾತ್ರವನ್ನು ಅನಕ್ಷರಸ್ಥೆ ಎಂದು ಊಹಿಸುವ ರೂಢಿಯನ್ನು ನಾವು ಬಳಸಿಕೊಂಡು, ಬಂಡಲ್ ಹುಡುಕುವ ಶಾಟ್‌ನಲ್ಲಿ ಅದನ್ನು ಮುರಿದೆವು.’

ಇದರ ಕೆಳಗೆ ಪ್ರೇಕ್ಷಕರ ಉತ್ತರ ಸೇರಿಸಿ. ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಹೇಳಿದ್ದು ಇಲ್ಲಿ ನೆರವಿಗೆ ಬರುತ್ತದೆ. ನಾವು ಇಟ್ಟ ಅರ್ಥವನ್ನು ಕೆಲವರು ಹಾಗೇ ಒಪ್ಪುತ್ತಾರೆ, ಕೆಲವರು ಅರ್ಧ ಒಪ್ಪಿ ಅರ್ಧ ತಮ್ಮದು ಸೇರಿಸುತ್ತಾರೆ, ಕೆಲವರು ಒಪ್ಪುವುದೇ ಇಲ್ಲ. ಹುಸೇನಪ್ಪನ ಹೆಸರಿಗೆ ಬಳ್ಳಾರಿಯವರು ಒಂದು ಥರ, ಹೊರಗಿನವರು ಇನ್ನೊಂದು ಥರ ಪ್ರತಿಕ್ರಿಯಿಸಿದ್ದರೆ ಅದೇ ನಿಮ್ಮ ವರದಿಯ ಅತ್ಯುತ್ತಮ ಪ್ಯಾರಾ. ಯಾರಾದರೂ ‘ಮಾಲೀಕರನ್ನೆಲ್ಲ ಕೆಟ್ಟವರಾಗಿ ತೋರಿಸಿದ್ದೀರಿ’ ಅಂದಿದ್ದರೆ ಅದನ್ನೂ ಬರೆಯಿರಿ. ಪಂಪಾಪತಿಯ ಮುಖವನ್ನೇ ತೋರಿಸದೆ ದನಿ ಮಾತ್ರ ಕೇಳಿಸಿದ್ದು ಯಾಕೆ ಅಂತ ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ಕೊಡಲು ಆಗದಿದ್ದರೆ ಎಡಿಟ್‌ಗೆ ಇನ್ನೂ ಸಮಯ ಇದೆ.